ಎರಡನೆಯವನು ಒಳಗೆ ಹೋಗುವ ಮೊದಲು

ಬೆಳಗಿನ ಜಾವ 3 ಗಂಟೆ 40 ನಿಮಿಷ. ಮಲ್ಪೆಯೋ ಗಂಗೊಳ್ಳಿಯೋ ತದಡಿಯೋ, ದಕ್ಕೆ ಯಾವುದಾದರೂ ಆಗಲಿ, ಡಿಸೆಂಬರಿನಲ್ಲಿ ಐಸ್ ಪ್ಲಾಂಟಿನ ಈ ಹೊತ್ತು ಎಲ್ಲ ಕಡೆ ಒಂದೇ ಥರ. ನೀವು ಇಲ್ಲಿ ಹೆಲ್ಪರ್. ಕೆಲಸಕ್ಕೆ ಸೇರಿ 22 ದಿನ ಆಗಿದೆ. ಕಾಲ ಕೆಳಗೆ ಮರದ ಹಲಗೆ, ಹಲಗೆಯ ಕೆಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ನಿಂತ ತಗಡಿನ ಕ್ಯಾನುಗಳು. ಉಪ್ಪುನೀರು ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಇರುತ್ತದೆ. ಕ್ಯಾನಿನೊಳಗಿನ ಸಿಹಿನೀರು ಮಾತ್ರ ಅಂಚಿನಿಂದ ನಡುವಿಗೆ ನಿಧಾನವಾಗಿ ಕಲ್ಲಾಗುತ್ತ ಹೋಗುತ್ತದೆ. ಒಂದು ಹಲಗೆ ಸರಿಸಿದರೆ ಸಾಕು, ಚಳಿ ಹಿಮ್ಮಡಿಯಿಂದ ಮೊಣಕಾಲಿಗೆ ಏರುತ್ತದೆ.

ಮೊದಲ ದಿನ ಬಾಗಿಲಲ್ಲಿ ಕಾಲಿಟ್ಟಾಗ ಮೂಗಿಗೆ ಚುಚ್ಚಿದ ವಾಸನೆ ನೆನಪಿದೆಯೇ? ಬಚ್ಚಲಿನ ಗಾಟು, ಅದರ ಹತ್ತು ಪಟ್ಟು. ಈಗ ಅದು ಗೊತ್ತೇ ಆಗುವುದಿಲ್ಲ. ಅಮೋನಿಯಾ ಹೋಗಿಲ್ಲ, ನಿಮ್ಮ ಮೂಗು ಅದಕ್ಕೆ ಒಗ್ಗಿದೆ. ಇಲ್ಲಿ ಯಾರೂ ಅದನ್ನು ಅಮೋನಿಯಾ ಎನ್ನುವುದಿಲ್ಲ. ಎಲ್ಲರ ಬಾಯಲ್ಲೂ ಅದು 'ಗ್ಯಾಸ್'.

ಗೋಡೆಯಾಚೆ ಕಂಪ್ರೆಸರ್ ದಡದಡ ಎನ್ನುತ್ತಿದೆ. ಎರಡು ಗೇಜುಗಳನ್ನು ಓದುವುದು ನಿಮಗೆ ಬಂದಿದೆ. ಒತ್ತಿ ಕಳಿಸುವ ಕಡೆ 180, ಹೀರುವ ಕಡೆ 20. ಒತ್ತಿದ ಗ್ಯಾಸ್ ಮಾಡಿನ ಮೇಲಿನ ಕೊಳವೆಗಳಲ್ಲಿ ನೀರಿನ ತಂಪಿಗೆ ದ್ರವವಾಗಿ, ಹಿಂಬದಿಯ ಉದ್ದನೆಯ ರಿಸೀವರ್ ಟ್ಯಾಂಕಿಗೆ ಇಳಿಯುತ್ತದೆ. ಅಲ್ಲಿಂದ ತೊಟ್ಟಿಯ ಕಾಯಿಲ್‌ಗೆ ಹೋಗಿ, ಕುದಿಯುತ್ತ, ನೀರಿನ ಬಿಸಿಯನ್ನೆಲ್ಲ ಹೀರಿಕೊಂಡು ವಾಪಸ್ ಬರುತ್ತದೆ. ಹೊರಗಿನ ಗಾಳಿಗೆ ಬಿಟ್ಟರೆ ಈ ದ್ರವ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ, ಒಂದು ಲೀಟರ್ ಹಬ್ಬಿ ಎಂಟುನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ನೀವು ತಿನ್ನುವ ಬಂಗುಡೆ ಮಾರುಕಟ್ಟೆ ತಲುಪುವವರೆಗೆ ತಾಜಾ ಇರುವುದು ಈ ಕುದಿತದಿಂದ.

ಹೊರಗೆ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಆಳಸಮುದ್ರಕ್ಕೆ ಹತ್ತು ದಿನಕ್ಕೆ ಹೊರಡುವ ಬೋಟೊಂದನ್ನು ನಡೆಸುವ ತಾಂಡೇಲರು ಬಾಗಿಲಿಗೆ ಬಂದು ಮೂರನೇ ಸಲ ಕೇಳುತ್ತಾರೆ: "ಐಸ್ ಎಲ್ಲಿ ಮಾರಾಯ್ರೆ, ಉಬ್ಬರ ಇಳೀತು!"

ಐಸ್ ಕಟ್ಟುತ್ತಿಲ್ಲ. ಮೇಲೆತ್ತಿದ ಕ್ಯಾನಿನ ನಡುವೆ ಇನ್ನೂ ನೀರಿದೆ. ಕಾಯಿಲ್‌ನಲ್ಲಿ ಆಯಿಲ್ ತುಂಬಿಕೊಂಡಿರಬೇಕು ಎಂದು ಆಪರೇಟರ್ ಸಂಜೆಯೇ ಹೇಳಿದ್ದರು. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪವೇ ಗ್ಯಾಸಿನ ಜೊತೆ ಹೋಗುತ್ತದೆ. ಅಮೋನಿಯಾಕ್ಕೂ ಎಣ್ಣೆಗೂ ಕೂಡಿಬರುವುದಿಲ್ಲ. ಎಣ್ಣೆ ಭಾರ, ಹಾಗಾಗಿ ತಳದಲ್ಲಿ ಕೂರುತ್ತದೆ. ಕೆಳಗಿನ ಚಿಕ್ಕ ವಾಲ್ವ್ ತೆರೆದು ಅದನ್ನು ಬಕೆಟಿಗೆ ಇಳಿಸಬೇಕು. ಐಸ್ ಪ್ಲಾಂಟಿನ ಕೆಲಸಗಳಲ್ಲೆಲ್ಲ ನಾನು ಹೆಚ್ಚು ಹೆದರುವುದು ಈ ಕೆಲಸಕ್ಕೇ. ಮಾಡುವಾಗ ಇಬ್ಬರಿರಬೇಕು, ಒಬ್ಬರ ಮುಖಕ್ಕೆ ಮಾಸ್ಕ್ ಇರಬೇಕು, ಬಾಗಿಲು ಬೆನ್ನ ಹಿಂದಿರಬೇಕು. ವಾಲ್ವಿಗೆ ಹೊಂದಿಸಿ ಇನ್ನೊಂದು ಸ್ಪ್ರಿಂಗ್ ವಾಲ್ವ್ ಇರಬೇಕು. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತೆರೆದಿರುತ್ತದೆ. ಕೈ ಬಿಟ್ಟರೆ, ಹಿಡಿದವನು ಬಿದ್ದೇ ಹೋದರೂ, ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ಪ್ಲಾಂಟಿನಲ್ಲಿ ಅದಿಲ್ಲ. ಬೇಕೆಂದು ಆಪರೇಟರ್ ಲಾಗ್ ಪುಸ್ತಕದಲ್ಲಿ ಮೂರು ಸಲ ಬರೆದಿದ್ದಾರೆ. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಬಂದ ತಿದ್ದುಪಡಿ, ಅಪಾಯ ಕಂಡ ಕೆಲಸಗಾರ ಎಚ್ಚರಿಸುವುದನ್ನು ಅವನ ಹಕ್ಕು ಎಂದೇ ಬರೆದುಕೊಟ್ಟಿತ್ತು. ಅವರು ಎಚ್ಚರಿಸಿದ್ದರು. ಪುಟ ತಿರುಗಿತು, ವಾಲ್ವ್ ಬರಲಿಲ್ಲ.

ಈಗ ಅವರು ಮಾಡಿನ ಮೇಲೆ ನೀರಿನ ಪಂಪು ನೋಡಲು ಹೋಗಿದ್ದಾರೆ. ತಾಂಡೇಲರ ಕೂಗು ಕೇಳಿ ತಡೆಯಲಾರದೆ ಹೋದವನು ಬಾಗಲಕೋಟೆ ಕಡೆಯ ಹುಡುಗ, ನಿಮ್ಮ ಕೋಣೆಯವನು. ಬಕೆಟ್ ಹಿಡಿದು ಒಬ್ಬನೇ ಕೂತು ವಾಲ್ವ್ ಅರ್ಧ ಸುತ್ತು ತಿರುಗಿಸುತ್ತಾನೆ. ಏನೂ ಬರುವುದಿಲ್ಲ. ಚಳಿಗೆ ಎಣ್ಣೆ ಗೋಂದಿನಂತೆ ಗಟ್ಟಿಯಾಗಿ ಬಾಯಿಗೆ ಅಡ್ಡ ಕೂತಿದೆ. ಇನ್ನೊಂದು ಸುತ್ತು. ಮತ್ತೂ ಒಂದು. ಐಸ್ ಒಡೆಯುವ ಕ್ರಷರ್ ಪಕ್ಕದಿಂದ ನೀವು ಅವನ ಬಗ್ಗಿದ ಬೆನ್ನನ್ನು ನೋಡುತ್ತಿದ್ದೀರಿ.

ಎಣ್ಣೆಯ ಗಟ್ಟಿ ಒಮ್ಮೆಲೇ ಜಾರುತ್ತದೆ.

ಅದು ಸಿಡಿದ ಸದ್ದಲ್ಲ, ಸೀಳಿದ ಸದ್ದು. ಹೊಸ ಬಟ್ಟೆಯನ್ನು ಕಿವಿಯ ಪಕ್ಕ ಹರಿದಂತೆ, ಆದರೆ ಹರಿದು ಮುಗಿಯುವುದೇ ಇಲ್ಲ. ನೆಲದ ಮೇಲೆ ಬೆಳ್ಳಗಿನ ಮಂಜು ಹರಡುತ್ತದೆ. ಅಮೋನಿಯಾ ಅನಿಲ ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಇದು ಮೇಲೇರುತ್ತಿಲ್ಲ. ದ್ರವದಿಂದ ಆಗತಾನೇ ಹುಟ್ಟಿದ ಆವಿ ವಿಪರೀತ ತಣ್ಣಗಿರುತ್ತದೆ, ಕರಾವಳಿಯ ತೇವದ ಗಾಳಿಯೊಡನೆ ಸೇರಿ ಭಾರವಾಗಿ ನೆಲ ಹಿಡಿದೇ ತೆವಳುತ್ತದೆ. ನಿಮ್ಮ ಕಣ್ಣು ನಿಮ್ಮನ್ನು ಕೇಳದೆ ಮುಚ್ಚಿಕೊಳ್ಳುತ್ತದೆ. ಗಂಟಲು ಬಾಗಿಲು ಹಾಕಿಕೊಂಡಂತೆ ಬಿಗಿಯುತ್ತದೆ. ಒಳಗೆಳೆದ ಅರ್ಧ ಉಸಿರು ಅಲ್ಲೇ ನಿಲ್ಲುತ್ತದೆ. ಗೋಡೆ ಸವರುತ್ತ ಎಡಕ್ಕೆ ನಾಲ್ಕು ಹೆಜ್ಜೆ, ಬಾಗಿಲು, ಹೊರಗಿನ ಕತ್ತಲು, ಗಾಳಿ.

ಕೆಮ್ಮಿ ಕೆಮ್ಮಿ ತಲೆ ಎತ್ತುತ್ತೀರಿ. ಅವನಿಲ್ಲ.

ಒಳಗಿಂದ ಬಕೆಟ್ ಉರುಳಿದ ಸದ್ದು, ಆಮೇಲೆ ಒಂದು ಕೂಗು. ಅವನ ಊರಿನ ಮಾತಿನಲ್ಲಿ ಅವ್ವನನ್ನು ಕರೆದ ಕೂಗು. ಬಾಗಿಲಿನಿಂದ ಹತ್ತು ಮಾರಿನಷ್ಟು ದೂರ ಇರಬಹುದು. ಉಸಿರು ಹಿಡಿದುಕೊಂಡರೆ ಓಡಿ ಹೋಗಿ ಎಳೆದು ತರಬಹುದು. ಹೆಗಲ ಟವೆಲನ್ನು ನೀರಿಗೆ ಅದ್ದಿ ಮುಖಕ್ಕೆ ಸುತ್ತುತ್ತೀರಿ, ಕಾಲು ಮುಂದಿಡುತ್ತೀರಿ.

ಹಿಂದಿನಿಂದ ಅಂಗಿಯ ಕಾಲರು ಬಿಗಿಯುತ್ತದೆ. ಮಾಡಿನ ಏಣಿಯಿಂದ ಇಳಿದು ಬಂದ ಆಪರೇಟರ್. ಕುಂದಾಪುರದವರು, ಅರವತ್ತರ ಹತ್ತಿರದ ವಯಸ್ಸು, ಆದರೆ ಹಿಡಿತ ಕಬ್ಬಿಣದ್ದು.

"ಮಾಸ್ಕ್ ಹಾಕ್ದೆ ಒಳ್ಗ್ ಹೋಪುಕಾಗ!"

"ಅವನು ಒಳಗಿದ್ದಾನೆ ಅಣ್ಣಾ!"

"ಗೊತ್ತಿತ್. ಹೋಪುಕಾಗ."

ಈ ಕ್ಷಣದಲ್ಲಿ ನಿಮಗೆ ಅವರ ಮೇಲೆ ಹುಟ್ಟುವ ಕೋಪವನ್ನು ನಾನು ಬಲ್ಲೆ. ಆದರೆ ಮ್ಯಾನ್‌ಹೋಲಿನಲ್ಲಿ, ಬಾವಿಯಲ್ಲಿ, ಕಾರ್ಖಾನೆಯ ಟ್ಯಾಂಕಿನಲ್ಲಿ ಒಬ್ಬನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮೂರನೆಯವನು ಸತ್ತ ಸುದ್ದಿಗಳನ್ನು ನೀವೂ ಓದಿದ್ದೀರಿ. ಆ ಎರಡನೆಯವನು ಹೆಚ್ಚಾಗಿ ತಮ್ಮನೋ ಗೆಳೆಯನೋ ಆಗಿರುತ್ತಾನೆ. ಅವನನ್ನು ಒಳಗೆ ಎಳೆಯುವುದು ಪ್ರೀತಿ, ಒಳಗೆ ಬೀಳಿಸುವುದು ಅವನ ಮೊದಲ ಉಸಿರು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಅಮೋನಿಯಾ ಇದ್ದರೆ ಜೀವಕ್ಕೆ ಅಪಾಯವೆಂದು ಲೆಕ್ಕ. ಆ ಮಂಜಿನೊಳಗೆ ಅದರ ಎಷ್ಟೋ ಪಟ್ಟು ಇದೆ. ಒದ್ದೆ ಟವೆಲ್ ಹೊರಗೆ ಓಡುವವನಿಗೆ ಚೂರು ನೆರವಾದೀತು, ಒಳಗೆ ಹೋಗುವವನನ್ನು ಕಾಯದು.

ಆಪರೇಟರ್ ಹೊರಗೋಡೆಯ ಕೆಂಪು ಸ್ವಿಚ್ಚು ಒತ್ತುತ್ತಾರೆ. ಕಂಪ್ರೆಸರ್ ನರಳಿ ನಿಲ್ಲುತ್ತದೆ. ಸ್ವಿಚ್ಚು ಹೊರಗಿರುವುದಕ್ಕೆ ಕಾರಣವಿದೆ: ಗಾಳಿಯಲ್ಲಿ ಅಮೋನಿಯಾ ನೂರಕ್ಕೆ 15ರಿಂದ 28 ಪಾಲು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಒಳಗಿನ ಒಂದು ದೀಪದ ಸ್ವಿಚ್ಚೂ ಆ ಕಿಡಿ ಕೊಡಬಲ್ಲದು. ಆಮೇಲೆ ಹಿಂಬದಿಗೆ ಓಡಿ ರಿಸೀವರಿನ ಕಿಂಗ್ ವಾಲ್ವನ್ನು ಬಲಕ್ಕೆ ಸುತ್ತುತ್ತಾರೆ, ಸುತ್ತುತ್ತಲೇ ಇರುತ್ತಾರೆ. ಹೊಸ ದ್ರವ ಇನ್ನು ಒಳಗೆ ಹೋಗುವುದಿಲ್ಲ. ಕಾಯಿಲ್‌ನಲ್ಲಿ ಈಗಾಗಲೇ ಇರುವುದು ಮಾತ್ರ, ಆ ಚಿಕ್ಕ ವಾಲ್ವನ್ನು ಯಾರಾದರೂ ಮುಚ್ಚುವವರೆಗೆ, ಸುರಿಯುತ್ತಲೇ ಇರುತ್ತದೆ.

ಓಡಿ ಬರುತ್ತಲೇ ಅವರು ಮೇಲೆ ನೋಡುತ್ತಾರೆ. ಮಾಡಿನ ತುದಿಯ ಗಳಕ್ಕೆ ಅವರೇ ಕಟ್ಟಿದ ಹಳೆ ಸೀರೆಯ ಪಟ್ಟಿ ಪಡುವಣಕ್ಕೆ, ಕಡಲಿನತ್ತ ಹಾರುತ್ತಿದೆ. ಹಗಲಿನಲ್ಲಾದರೆ ಗಾಳಿ ಕಡಲಿಂದ ನೆಲಕ್ಕೆ, ಅಂದರೆ ಹಿಂದಿನ ಮನೆಗಳ ಮೇಲೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ಕಡಲಿಗಿಳಿಯುತ್ತದೆ. ಕಡಲಿನತ್ತ ಈಗ ಇರುವುದು ಬೋಟುಗಳು. ಬೋಟುಗಳಲ್ಲಿ ಜನ ಮಲಗಿದ್ದಾರೆ.

"ಬೋಟಿನವರನ್ನ ಏಳಿಸಿ! ಗಾಳಿ ಬೀಸುವ ದಿಕ್ಕಿಗೆ ಓಡೂದಲ್ಲ, ಅಡ್ಡಕ್ಕೆ! ತೆಂಕು ಬದಿಗೆ!" ತಾಂಡೇಲರು ಓಡುತ್ತಾರೆ. ಅವರ ಸೀಟಿ ದಕ್ಕೆಯುದ್ದಕ್ಕೂ ಕೇಳುತ್ತದೆ. ಒಬ್ಬೊಬ್ಬರಾಗಿ ಕಂಬಳಿ ಹೊದ್ದ ತಲೆಗಳು ಏಳುತ್ತವೆ. 1984ರ ಡಿಸೆಂಬರ್ 2ರ ರಾತ್ರಿ, ಮೂರರ ನಸುಕಿನಲ್ಲಿ, ಭೋಪಾಲದಲ್ಲಿ ಹೀಗೆ ದಿಕ್ಕು ಹೇಳುವವರು ಇರಲಿಲ್ಲ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಮೀಥೈಲ್ ಐಸೋಸಯನೇಟ್ ಹೋದ ದಿಕ್ಕಿನಲ್ಲೇ ಎಷ್ಟೋ ಜನ ಓಡಿದರು. ಓಡುವವರ ಉಸಿರು ದೊಡ್ಡದು, ವಿಷವನ್ನೂ ಹೆಚ್ಚು ಎಳೆಯುತ್ತದೆ.

ಹೊರಗಿನ ಗೋಡೆಯ ಪೆಟ್ಟಿಗೆಯಲ್ಲಿ ಬಿ.ಎ. ಸೆಟ್ಟಿದೆ, ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು. ಈ ಪೆಟ್ಟಿಗೆ ಮೊದಲು ಕಂಪ್ರೆಸರಿನ ಪಕ್ಕದಲ್ಲೇ ನೇತಾಡುತ್ತಿತ್ತು. ಗ್ಯಾಸ್ ಬಂದ ದಿನ ಅದನ್ನು ತರಲು ಗ್ಯಾಸಿನೊಳಗೇ ಹೋಗಬೇಕಲ್ಲ ಎಂದು ಆಪರೇಟರ್ ತಾವೇ ಮೊಳೆ ಹೊಡೆದು ಹೊರಗೆ ತಂದರು. ಎಷ್ಟೋ ಕಡೆ ಅದು ಇನ್ನೂ ಒಳಗೇ ಇದೆ, ನೀವು ಕೆಲಸ ಮಾಡುವಲ್ಲಿ ಎಲ್ಲಿದೆ ನೋಡಿ.

ಅವರು ತೊಡುತ್ತಾರೆ. ಪಟ್ಟಿಗಳು, ಬಕಲ್ಲು. ಮುಖವಾಡ ಒತ್ತಿ ಕೈಯಿಂದ ಮುಚ್ಚಿ ಒಮ್ಮೆ ಉಸಿರೆಳೆದು ಸೋರುತ್ತದೆಯೇ ನೋಡುತ್ತಾರೆ. ಅದಕ್ಕೇ ಅವರು ದಿನಾ ಗಡ್ಡ ಹೆರೆಯುವುದು. ಕೂದಲಿದ್ದಲ್ಲಿ ಮುಖವಾಡ ಕೂರುವುದಿಲ್ಲ. ಗೇಜು ನೋಡುತ್ತಾರೆ, 280. ಒಂದೂವರೆ ನಿಮಿಷ ಹಿಡಿಯಿತು. ನಿಮ್ಮ ಬದುಕಿನಲ್ಲಿ ಇಷ್ಟು ಉದ್ದದ ಒಂದೂವರೆ ನಿಮಿಷ ಇರಲಿಲ್ಲ. ಒಳಗಿನ ಕೂಗು ನಿಂತಿದೆ.

ಇಬ್ಬರು ಒಳಗೆ, ಇಬ್ಬರು ಸಿದ್ಧವಾಗಿ ಹೊರಗೆ: ನಿಯಮ ಹೇಳುವುದು ಇದನ್ನು. ಇಲ್ಲಿರುವುದು ಒಂದೇ ಸೆಟ್ಟು. ನಿಮ್ಮ ಮುಖಕ್ಕೆ ಹಸಿರು ಪಟ್ಟಿಯ ಡಬ್ಬಿ ಇರುವ ಮಾಸ್ಕ್ ಹಾಕುತ್ತಾರೆ. ಅಮೋನಿಯಾಕ್ಕೆಂದೇ ಮಾಡಿದ ಆ ಡಬ್ಬಿ ತೆಳು ಗ್ಯಾಸಿಗೆ ಸಾಕು, ದಟ್ಟ ಮಂಜಿಗೆ ಸಾಲದು. ಆದ್ದರಿಂದ ನೀವು ಬಾಗಿಲಲ್ಲೇ, ಗಾಳಿಗೆ ಬೆನ್ನು ಕೊಟ್ಟು. ಅವರ ಸೊಂಟದ ಹಗ್ಗದ ತುದಿ ನಿಮ್ಮ ಎಡಗೈಯಲ್ಲಿ, ಬೀಸಣಿಗೆಯಂತೆ ನೀರು ಹರಡುವ ಪೈಪು ಬಲಗೈಯಲ್ಲಿ.

"ಮಂಜಿಗೆ ಹೊಡಿ. ನೆಲದಲ್ಲಿ ನಿಂತದ್ದಕ್ಕೆ ಹೊಡೀಬೇಡ."

ಅಮೋನಿಯಾ ನೀರನ್ನು ಕಂಡರೆ ಬಿಡುವುದಿಲ್ಲ, ಒಂದು ಪಾಲು ನೀರು ನೂರಾರು ಪಾಲು ಅನಿಲವನ್ನು ಕುಡಿಯುತ್ತದೆ. ತುಂತುರಿನ ಪರದೆ ದಾಟುವ ಮಂಜು ನಿಮ್ಮ ಕಣ್ಣೆದುರೇ ತೆಳುವಾಗುತ್ತದೆ. ಅದೇ ನೀರು ನೆಲದ ದ್ರವದ ಮಡುವಿಗೆ ಬಿದ್ದರೆ ಅದಕ್ಕೆ ಬಿಸಿ ಕೊಟ್ಟು ಕುದಿಸುತ್ತದೆ, ಮಂಜು ಇಮ್ಮಡಿಯಾಗುತ್ತದೆ.

ಹಗ್ಗ ಜಾರುತ್ತದೆ. ನಿಲ್ಲುತ್ತದೆ. ಸೀಳುವ ಸದ್ದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾಗುತ್ತದೆ. ವಾಲ್ವ್ ಮುಚ್ಚಿತು. ಹಗ್ಗ ಎರಡು ಸಲ ಜಗ್ಗುತ್ತದೆ, ನೀವು ಎಳೆಯುತ್ತೀರಿ, ಬಿಳಿಯಿಂದ ಮೊದಲು ಅವರ ಬೆನ್ನು, ಆಮೇಲೆ ಅವರ ಕಂಕುಳಲ್ಲಿ ಅವನು. ಗೋಡೆ ಮೂಲೆಯ ಕಿಟಕಿಯವರೆಗೆ ತೆವಳಿದ್ದನಂತೆ. ಉಸಿರಿದೆ.

ನೀರಿನ ಡ್ರಮ್ಮಿನ ಪಕ್ಕ ಮಲಗಿಸುತ್ತೀರಿ. ಎಡ ತೊಡೆಯ ಮೇಲೆ ಪ್ಯಾಂಟು ತಗಡಿನಂತೆ ಸೆಟೆದು ಚರ್ಮಕ್ಕೆ ಅಂಟಿದೆ. ಎಳೆಯಲು ಹೋದ ನಿಮ್ಮ ಕೈಯನ್ನು ಆಪರೇಟರ್ ತಟ್ಟುತ್ತಾರೆ. ಎಳೆದರೆ ಚರ್ಮವೂ ಬರುತ್ತದೆ. ನೀರು ಸುರಿಯಿರಿ, ಹೆಪ್ಪು ಕರಗಿ ಬಟ್ಟೆ ಸಡಿಲವಾಗಲಿ, ಆಮೇಲೆ ಕತ್ತರಿಸಿ. ಇನ್ನೊಬ್ಬರು ಕಣ್ಣಿಗೆ. ಬೋಟಿನ ಅಡುಗೆಯವನೊಬ್ಬ ತೆಂಗಿನೆಣ್ಣೆ ಹಿಡಿದು ಓಡಿ ಬರುತ್ತಾನೆ, ಮತ್ತೊಬ್ಬ ಹಾಲು ಎನ್ನುತ್ತಾನೆ. ಬೇಡ, ಏನೂ ಬೇಡ, ನೀರು ಮಾತ್ರ. ಆಸಿಡ್‌ಗಿಂತ ಕ್ಷಾರ ಕಣ್ಣಿಗೆ ಕೆಟ್ಟದ್ದು, ಅದು ಮೇಲೆ ನಿಲ್ಲುವುದಿಲ್ಲ, ಅಂಗಾಂಶವನ್ನು ಕರಗಿಸುತ್ತ ಒಳಗಿಳಿಯುತ್ತದೆ. ರೆಪ್ಪೆಗಳನ್ನು ನಿಮ್ಮ ಎರಡು ಬೆರಳಿಂದ ಬಿಡಿಸಿ ಹಿಡಿದು ಚೊಂಬಿನಿಂದ ಸುರಿಯುತ್ತೀರಿ. ಅವನು ಒದರುತ್ತಾನೆ, ತಲೆ ಕೊಡವುತ್ತಾನೆ. "ಸಾಕೋ ಯಣ್ಣಾ, ಸಾಕು." ಗಡಿಯಾರದಲ್ಲಿ ಮೂರೇ ನಿಮಿಷ. ಕಡಿಮೆ ಎಂದರೂ 15 ಆಗಬೇಕು. ನೀವು ಬಿಡುವುದಿಲ್ಲ. ಅವನ ಕಣ್ಣಿನ ಕೆಂಪನ್ನು ಇಷ್ಟು ಹತ್ತಿರದಿಂದ ನೋಡುತ್ತ ಕೈ ಗಟ್ಟಿ ಹಿಡಿಯುವುದು ಸುಲಭವಲ್ಲ.

ಯಾರೋ 112ಕ್ಕೆ ಕರೆ ಮಾಡಿದ್ದಾರೆ. ಆಂಬುಲೆನ್ಸ್ ಬಂದಾಗ ಆಪರೇಟರ್ ಲಾಗ್ ಪುಸ್ತಕದ ಹಾಳೆ ಹರಿದು ಬರೆದು ನಿಮ್ಮ ಜೇಬಿಗೆ ತುರುಕುತ್ತಾರೆ: ಅಮೋನಿಯಾ, ದ್ರವವೂ ಅನಿಲವೂ, ಸುಮಾರು ನಾಲ್ಕು ನಿಮಿಷ, ಕಣ್ಣು, ಎಡ ತೊಡೆ, ಉಸಿರು. "ಡಾಕ್ಟರ್ರ ಕೈಯಲ್ಲೇ ಕೊಡು. ಬರೀ ಗ್ಯಾಸ್ ಅಂತ ಹೇಳ್ಬೇಡ." ಭೋಪಾಲದ ಆಸ್ಪತ್ರೆಗಳಲ್ಲಿ ಆ ರಾತ್ರಿ ವೈದ್ಯರ ಕೈಗೆ ಇಂಥ ಚೀಟಿ ಸಿಗಲಿಲ್ಲ.

ದಾರಿಯುದ್ದಕ್ಕೂ ಕಣ್ಣಿಗೆ ನೀರು.

ಬೆಳಗ್ಗೆ 10 ಗಂಟೆ. ವಾರ್ಡಿನ ಕಿಟಕಿಯ ಪರದೆ ಈಗ ಒಳಕ್ಕೆ ಬೀಸುತ್ತಿದೆ, ಕಡಲ ಗಾಳಿ ತಿರುಗಿದೆ. ಅವನ ತೊಡೆಗೆ ಪಟ್ಟಿ, ಕಣ್ಣಿಗೆ ಹನಿ. ಎದೆಯ ಫೋಟೋ ಸದ್ಯಕ್ಕೆ ಚೆನ್ನಾಗಿದೆ. ಅವನು ಎದ್ದು ಕೂತು ಚಪ್ಪಲಿ ಹುಡುಕುತ್ತಿದ್ದಾನೆ. ದನಿ ಒಡೆದಿದೆ, ಆದರೂ ನಗಲು ನೋಡುತ್ತಾನೆ.

"ನನಗೇನ್ ಆಗಿಲ್ಲ ಬಿಡೋ. ಹೋಗೂಣ ನಡಿ. ಇವತ್ತಿನ ಪಗಾರ ಹೋಕ್ಕೈತಿ."

ಶ್ವಾಸಕೋಶದಲ್ಲಿ ನೀರು ಸೇರುವುದು ಕೆಲವೊಮ್ಮೆ ಎಷ್ಟೋ ತಾಸಿನ ಮೇಲೆ. ಚೆನ್ನಾಗಿದ್ದೇನೆಂದು ಮನೆಗೆ ಹೋದವನಿಗೆ ರಾತ್ರಿ ಉಸಿರು ಸಿಕ್ಕದೆ ಹೋಗಬಹುದು. ನಾಳೆ ಬೆಳಗಿನವರೆಗೆ ಕಣ್ಣಿಡಬೇಕು ಎಂದು ಡಾಕ್ಟರು ನಿಮ್ಮನ್ನು ಹೊರಗೆ ಕರೆದು ಹೇಳಿದ್ದಾರೆ.

ನೀವು ಅವನ ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳುತ್ತೀರಿ. ಸ್ಟೂಲು ಎಳೆದು ಕೂರುತ್ತೀರಿ. ಗೋಡೆ ಗಡಿಯಾರ ನೋಡಿ ಅವನ ಎದೆ ಏರಿ ಇಳಿಯುವುದನ್ನು ಎಣಿಸುತ್ತೀರಿ. ನಿಮಿಷಕ್ಕೆ 22. ಚೀಟಿಯ ಹಿಂಬದಿಯಲ್ಲಿ ಗಂಟೆಯ ಜೊತೆ ಅದನ್ನು ಬರೆದಿಟ್ಟು ಮತ್ತೆ ಎಣಿಸಲು ತೊಡಗುತ್ತೀರಿ.