ಊರು, ಊಟ, ಅಪಾಯ

ಹವ್ಯಾಸಿ ಪತ್ರಕರ್ತರ ಹೆಸರು ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲೂ ಇರುವುದಿಲ್ಲ. ಬರೆದದ್ದು ಅಚ್ಚಾದರೆ ಸಂಭಾವನೆ. ಆಗದಿದ್ದರೆ ಬಸ್ಸಿನ ಖರ್ಚೂ ಕೈಯಿಂದಲೇ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ರೂಪುಗೊಂಡದ್ದೂ ನೌಕರಿಯಲ್ಲಿದ್ದವರಿಗಾಗಿ, ಬಿಡಿ ಲೇಖನ ಮಾರುವವರಿಗಾಗಿ ಅಲ್ಲ. ಹೀಗಾಗಿ ಅವರು ಬಿಕರಿಯಾಗುವ ಸರಕನ್ನೇ ಮೊದಲು ಹಿಡಿಯುತ್ತಾರೆ. ಕನ್ನಡದ ಭಾನುವಾರದ ಪುರವಣಿಗಳಲ್ಲಿ ಅದು ಪ್ರವಾಸ ಮತ್ತು ಊಟ-ತಿಂಡಿ. ಸಾರ್ವಜನಿಕ ಸುರಕ್ಷತೆಯ ಬಗ್ಗೆ ಕೇಳಿ ಬರೆಸುವ ಸಂಪಾದಕರು ಅಪರೂಪ. ಆದರೆ ಮೊದಲೆರಡನ್ನು ನೆಟ್ಟಗೆ ಬರೆಯಹೊರಟವರಿಗೆ ಮೂರನೆಯದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಪ್ರವಾಸ ಲೇಖನದ ಹಳೆಯ ಚಾಳಿ ವರ್ಣನೆ. ಜಲಪಾತವೆಂದರೆ ಹಾಲ್ನೊರೆ ಉಕ್ಕಲೇಬೇಕು. ಪಕ್ಕದ ಬಂಡೆ ಮಳೆಗಾಲದಲ್ಲಿ ಪಾಚಿಗಟ್ಟುತ್ತದೆ ಎಂಬ ಮಾತಿಗೆ ಮಾತ್ರ ಜಾಗ ಸಾಲುವುದಿಲ್ಲ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಜಾರಿ ಬಿದ್ದು ಸತ್ತ. ಮರುವರ್ಷದ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ನುಗ್ಗಿದಾಗ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನೇ ಸರಕಾರ ಕೆಲಕಾಲ ನಿಲ್ಲಿಸಬೇಕಾಯಿತು. ದೂರು ಇನ್‌ಸ್ಟಾಗ್ರಾಮಿನ ಮೇಲೆ ಬಿತ್ತು. ಪುರವಣಿಗಳ ಪಾಲು ಏನೂ ಇರಲಿಲ್ಲವೆನ್ನಲಾಗದು. ಯಾವ ತಿಂಗಳು ಹೋಗಬಾರದು, ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಲ್ಲಿಂದಾಚೆ ಮೊಬೈಲ್ ಸಿಗ್ನಲ್ ಇಲ್ಲ ಎಂಬ ಮೂರು ಸಾಲು ಇಡೀ ವರ್ಣನೆಗಿಂತ ಬೆಲೆಯುಳ್ಳವು.

ಊಟದ ಬರಹದಲ್ಲಿ ಬಿಲ್ಲು ಕೊಟ್ಟೇ ಎದ್ದು ಬರಬೇಕು. ಮಾಲೀಕರು ಪ್ರೀತಿಯಿಂದ ತಂದಿಟ್ಟ ಇನ್ನೊಂದು ದೋಸೆ ತಿಂದವರಿಗೆ ಅಡುಗೆಮನೆಯ ಕೊಳೆ ಕಾಣಿಸುವುದಿಲ್ಲ. ಗೋಡೆಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಲು ಅರೆನಿಮಿಷ ಸಾಕು. ಬೀದಿಬದಿಯ ಗೋಬಿ ಮಂಚೂರಿಯ ಕೆಂಪನ್ನು ಹೊಗಳಿದ ಬರಹಗಳಿಗೆ ಬರವಿರಲಿಲ್ಲ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣದ ಹೆಸರು ಜನರ ಬಾಯಿಗೆ ಬಂದದ್ದು ಆಗಲೇ. ಮಾರ್ಚಿಯಲ್ಲಿ ಇಂಥ ಕೃತಕ ಬಣ್ಣಕ್ಕೆ ನಿಷೇಧವೂ ಬಂತು.

ಅವಘಡದ ಸುದ್ದಿಯನ್ನು ಸ್ಥಳೀಯ ವರದಿಗಾರ ಅಂದೇ ಸಂಜೆ ಕಳಿಸಿರುತ್ತಾನೆ. ಆ ಓಟದಲ್ಲಿ ಹವ್ಯಾಸಿಗೆ ಕೆಲಸವಿಲ್ಲ. ಆರು ತಿಂಗಳ ನಂತರ ಹೋಗಿ, ಹಾಕುತ್ತೇವೆಂದ ಬೇಲಿ ಬಿತ್ತೇ, ತೆಗೆದ ಮಾದರಿಯ ವರದಿ ಏನಾಯಿತು ಎಂದು ಕೇಳುವುದು ಅವರ ಪಾಲಿನದು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕಚೇರಿಗಳು ಗಡುವು ದಾಟುವುದೇ ಹೆಚ್ಚು. ಮೇಲ್ಮನವಿಗೆ ಇನ್ನಷ್ಟು ಅಲೆದಾಟ. ಅದರ ಖರ್ಚನ್ನು ಜಲಪಾತದ ಲೇಖನವೇ ಹೊರಬೇಕು.

ಬರೆದ ಮೇಲೆ ಮಾನನಷ್ಟದ ನೋಟಿಸು ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅದಕ್ಕೆ ಎರಡು ವರ್ಷದವರೆಗೆ ಸಜೆಯುಂಟು. ಸಿಬ್ಬಂದಿ ವರದಿಗಾರನ ಬೆನ್ನಿಗೆ ಪತ್ರಿಕೆಯ ವಕೀಲರಿರುತ್ತಾರೆ. ಹವ್ಯಾಸಿಗೆ ಬಿಲ್ಲು, ತಾರೀಖಿನ ಸಮೇತ ತೆಗೆದ ಚಿತ್ರ, ಪ್ರಯೋಗಾಲಯದ ವರದಿಯ ದೃಢೀಕೃತ ಪ್ರತಿಯೇ ಆಧಾರ.