ನನಗೆ ಬಂದ ಮೊದಲ ಬಹುಮಾನ

ನಮ್ಮ ಮನೆಯ ಜಗಲಿಯ ಗೂಡಿನಲ್ಲಿ ಗೇಣುದ್ದದ ಒಂದು ಬಹುಮಾನದ ಬಟ್ಟಲಿದೆ. ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನಗೆ ಬಂದದ್ದು. ಮನೆಗೆ ಬಂದ ನೆಂಟರೆಲ್ಲ ಅದನ್ನು ತಿರುಗಿಸಿ ನೋಡಿ ಮೆಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಆಗ ಬೇರೆ ಕಡೆಗೆ ನೋಡುತ್ತೇನೆ. ಅದೇಕೆಂಬುದನ್ನು ಒಮ್ಮೆ ಹೇಳಿಬಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಸಂಪಾದಕರು ವಾರ್ಷಿಕ ಸಂಚಿಕೆಗೆ ಲೇಖನ ಕೇಳಿದ್ದು ಒಳ್ಳೆಯದೇ ಆಯಿತು.

ಅಂದಿನ ವಿಷಯ, ‘ನ್ಯಾಯಾಧೀಶರನ್ನು ನೇಮಿಸುವ ಅಧಿಕಾರ ಜನರು ಆರಿಸಿದ ಸರಕಾರಕ್ಕೇ ಇರತಕ್ಕದ್ದು’ ಎಂಬುದು. ನಾನು ವಿಷಯದ ಪರವಾಗಿ ಮಾತನಾಡಿದೆ. ಅಮೇರಿಕೆಯ ಉದಾಹರಣೆಯೇ ನನ್ನ ಮುಖ್ಯ ಆಯುಧ. ಅಲ್ಲಿ ಅಧ್ಯಕ್ಷನು ಹೆಸರು ಸೂಚಿಸುತ್ತಾನೆ, ಸೆನೆಟ್ ಸಭೆ ಒಪ್ಪಿಗೆ ಕೊಡುತ್ತದೆ. ಹಾಗೆ ಬಂದ ಒಂಬತ್ತು ಮಂದಿ ನ್ಯಾಯಾಧೀಶರು ಜೀವವಿರುವ ತನಕ ಪೀಠದಲ್ಲಿರಬಹುದು. 2016ರ ಚುನಾವಣೆಗೆ ಮೊದಲೇ ಟ್ರಂಪ್ ತಾನು ಎಂಥವರನ್ನು ನೇಮಿಸುವೆನೆಂದು ಹೆಸರುಗಳ ಪಟ್ಟಿಯನ್ನೇ ಪ್ರಕಟಿಸಿದರು. ಹಳೆಯ ನಡೆಯನ್ನು ಕಾಯಬೇಕೆನ್ನುವ ಅಲ್ಲಿಯ ಸಂಪ್ರದಾಯವಾದಿಗಳು ಅನೇಕರು ಆ ಪಟ್ಟಿಯನ್ನು ನೋಡಿಯೇ ಮತ ಹಾಕಿದರು. ಮುಂದಿನ ನಾಲ್ಕು ವರ್ಷಗಳಲ್ಲಿ ಟ್ರಂಪ್ ಮೂವರನ್ನು ನೇಮಿಸಿದರು. “ಇದಕ್ಕಿಂತ ಪ್ರಾಮಾಣಿಕವಾದ ಪದ್ಧತಿ ಯಾವುದಿದೆ? ಜನರಿಗೆ ಬೇಕಾದ ನ್ಯಾಯಾಧೀಶರು ಜನರಿಗೆ ಸಿಗಬೇಡವೆ?” ಎಂದು ನಾನು ಮೇಜು ಕುಟ್ಟಿ ಕೇಳಿದಾಗ ಸಭೆ ಚಪ್ಪಾಳೆ ತಟ್ಟಿತು.

ನನ್ನ ಎದುರಾಳಿ ಯಲ್ಲಾಪುರದ ಕಡೆಯ ಗೆಳೆಯ. ಅವನು ಮೇಜು ಕುಟ್ಟಲಿಲ್ಲ. ಮೆಲ್ಲಗೆ, ಒಂದೊಂದೇ ಮಾತನ್ನು ತೂಗಿ, ನನ್ನ ವಾದದ ಹೊಲಿಗೆಯನ್ನು ಬಿಚ್ಚುತ್ತ ಹೋದ. ಅವನು ಕುಳಿತಾಗಲೇ ನಾನು ಸೋತೆನೆಂದು ನನ್ನ ಮನಸ್ಸಿಗೆ ಗೊತ್ತಾಗಿತ್ತು. ಆದರೆ ಮೊದಲ ಬಹುಮಾನ ನನಗೇ ಬಂದಿತು.

ಇಲ್ಲಿ ಓದುಗರಿಗೆ ಒಂದು ಸಂಗತಿಯನ್ನು ಹೇಳಲೇಬೇಕು. ಚರ್ಚಾಸಂಘದ ಕಾರ್ಯದರ್ಶಿ ನಾನೇ. ಮೂವರು ತೀರ್ಪುಗಾರರ ಹೆಸರುಗಳನ್ನು ಸೂಚಿಸುವ ಕೆಲಸ ನನ್ನ ಪಾಲಿಗಿತ್ತು. ಮೂವರೂ ಯೋಗ್ಯರೇ. ಆದರೆ ಒಬ್ಬರು ಹೈಸ್ಕೂಲಿನಲ್ಲಿ ನನಗೆ ಭಾಷಣ ಮಾಡಲು ಕಲಿಸಿದವರು, ಇನ್ನೊಬ್ಬರು ನಮ್ಮ ಮನೆಯ ಹಳೆಯ ಪರಿಚಯದವರು. ಅವರು ಬೇಕೆಂದು ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ. ತಾವು ಕಲಿಸಿದ ರೀತಿಯ ಭಾಷಣ ತಮಗೆ ಚೆನ್ನಾಗಿ ಕಂಡರೆ ಅದು ಅವರ ತಪ್ಪೂ ಅಲ್ಲ. ಹೆಸರು ಬರೆಯುವಾಗ ನನ್ನ ಮನಸ್ಸಿನಲ್ಲಿ ಏನಿತ್ತೆಂಬುದು ನನಗೊಬ್ಬನಿಗೆ ಗೊತ್ತು.

ಅದು ಅಡಿಕೆ ಕೊಯ್ಲಿನ ಕಾಲ. ಸಿದ್ದಾಪುರದ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಅಡಿಕೆ ಸುಲಿಯುತ್ತಿದ್ದರು. ಎಂಬತ್ತರ ಹತ್ತಿರ ಬಂದಿದ್ದರೂ ಅಜ್ಜ ಇನ್ನೂ ಮೆಟ್ಟುಗತ್ತಿ ಬಿಟ್ಟವನಲ್ಲ. ಬಟ್ಟಲನ್ನು ಕೈಗೆ ತೆಗೆದುಕೊಂಡು ನೋಡಿ ಕೆಳಗಿಟ್ಟ. “ಎಂತ ಮಾತಾಡಿದೆ ತಮಾ?” ಎಂದ. ನಾನು ಭಾಷಣವನ್ನೆಲ್ಲ ಇನ್ನೊಮ್ಮೆ ಮಾಡಿದೆ. ಅಜ್ಜ ಸುಲಿಯುತ್ತಲೇ ಕೇಳಿ, “ಇದನ್ನು ನಾನು ಮೊದಲೇ ಕೇಳಿದ್ದೆ, 1973ರಲ್ಲಿ” ಎಂದ.

ನಮ್ಮ ಅಜ್ಜ ಹಳೆಯ ಕಾಲದವನು. ರಾಜಾಜಿಯವರೆಂದರೆ ಇಂದಿಗೂ ಗೌರವ. ಹೊಸದು ಯಾವುದನ್ನು ಕಂಡರೂ, “ಹಳೆಯದನ್ನು ಕೀಳುವ ಮೊದಲು ಅದನ್ನು ಯಾಕೆ ನೆಟ್ಟಿದ್ದರು ಹೇಳಿ ತಿಳಿದುಕೊಳ್ಳಬೇಕು” ಎನ್ನುವ ಸ್ವಭಾವ. 1973ರಲ್ಲಿ ಅವನು ಹರೆಯದವನು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಗಾಗಿ ರಸ್ತೆಯ ತನಕ ನಡೆದು ಹೋಗುತ್ತಿದ್ದನಂತೆ. ಆ ರಾತ್ರಿ ಅವನು ಹೇಳಿದ್ದನ್ನು ಆಮೇಲೆ ನಾನು ಗ್ರಂಥಾಲಯದಲ್ಲಿ ಕುಳಿತು ಓದಿ ತಾಳೆ ನೋಡಿದ್ದೇನೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, 7 ಮಂದಿ ಒಂದು ಕಡೆ 6 ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಬಂದಿತು: ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸಲಾಗದು. ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಹಿರಿತನದ ವಾಡಿಕೆಯಂತೆ ಆ ಸ್ಥಾನ ಶೆಲತ್ ಅವರಿಗೆ ಹೋಗಬೇಕಿತ್ತು. ಅವರ ನಂತರದ ಸರದಿ ನಮ್ಮ ಕಾರ್ಕಳ ತಾಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆಯವರದು, ಆಮೇಲೆ ಗ್ರೋವರ್ ಅವರದು. ಮೂವರೂ ಆ ಏಳು ಮಂದಿಯಲ್ಲಿದ್ದವರು. ಸರಕಾರ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಏಪ್ರಿಲ್ 26ರಂದು ಮುಖ್ಯ ನ್ಯಾಯಮೂರ್ತಿ ಮಾಡಿತು. ರೇ ಅವರು ಆರು ಮಂದಿಯ ಕಡೆಯವರು. ದಾಟಿಸಲ್ಪಟ್ಟ ಮೂವರೂ ರಾಜೀನಾಮೆ ಕೊಟ್ಟು ಹೊರಟುಹೋದರು. ಸಚಿವ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಸಮರ್ಥಿಸಿಕೊಂಡ ರೀತಿಯನ್ನು ಓದಿದಾಗ ನನಗೆ ಬೆವರು ಬಂತು. ನ್ಯಾಯಾಧೀಶನ ಜೀವನದೃಷ್ಟಿಯನ್ನು ಸರಕಾರ ನೋಡಬಾರದೇಕೆ ಎಂಬ ಅವರ ವಾದವೇ ನನ್ನ ವಾದ. ನಾನು ಹೊಸದೆಂದು ಕುಟ್ಟಿದ ಮೇಜನ್ನು ಐವತ್ತು ವರ್ಷಗಳ ಹಿಂದೆಯೇ ಕುಟ್ಟಿದ್ದರು.

ನಾನು ಅಜ್ಜನಿಗೆ ಸುಲಭವಾಗಿ ಸೋಲಲಿಲ್ಲ. “ಕೆ. ಎಸ್. ಹೆಗ್ಡೆಯವರೂ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋಗಿದ್ದವರೇ. ಅಲ್ಲಿಂದಲೇ 1957ರಲ್ಲಿ ಹೈಕೋರ್ಟಿಗೆ ಬಂದದ್ದು. ಅದು ರಾಜಕೀಯವಲ್ಲವೆ?” ಎಂದೆ. “ಬಂದದ್ದು ಹೌದು. ಕೂತ ಮೇಲೆ ಹಳೆಯ ಒಡೆಯನ ಮುಖ ನೋಡಲಿಲ್ಲ. ಅದಕ್ಕಾಗಿಯೇ ದಾಟಿಸಿದ್ದು” ಎಂದ ಅಜ್ಜ. “ಆದರೆ ಆ ಸರಕಾರ ಉಳುವವನಿಗೆ ಭೂಮಿ ಕೊಡಲು ಹೊರಟಿತ್ತು. ಕೋರ್ಟು ಅಡ್ಡ ಬಂದರೆ ಏನು ಮಾಡಬೇಕು?” ಎಂದು ಮತ್ತೆ ಕೇಳಿದೆ. ಆಗ ಅಜ್ಜ ಕೈ ನಿಲ್ಲಿಸಿದ.

“ತಮಾ, ಈ ತೋಟ ನಮ್ಮದಾಗಿರಲಿಲ್ಲ. ನಾವು ಗೇಣಿಯವರು. 1974ರ ಕಾನೂನು ಬಂದ ಮೇಲೆ ಏಳನೇ ನಮೂನೆಯ ಅರ್ಜಿ ಕೊಟ್ಟವ ನಾನೇ. ಭೂನ್ಯಾಯ ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾನೂನು ಏನು ಹೇಳುತ್ತದೆ ಎಂಬ ಚಿಂತೆ ಅಲ್ಲ, ಆ ನಾಲ್ವರು ಯಾರು ಎಂಬ ಚಿಂತೆ. ಒಡೆಯರ ಬಳಗದವರೇ ಕೂತಿದ್ದರೆ ನನಗೆ ತೋಟ ಸಿಗುತ್ತಿತ್ತಾ? ನನ್ನ ದಾಯಾದಿಗಳೇ ಕೂತಿದ್ದರೆ ಒಡೆಯರು ಅದನ್ನು ನ್ಯಾಯ ಹೇಳುತ್ತಿದ್ದರಾ? ಭೂಮಿ ಕೊಟ್ಟದ್ದು ಸರಿ. ಆದರೆ ಒಳ್ಳೆಯ ಕೆಲಸಕ್ಕೆ ಹೇಳಿ ದಣಪೆ ತೆಗೆದಿಟ್ಟರೆ, ನಿನ್ನ ದನ ಮಾತ್ರ ಒಳಗೆ ಬರುವುದಿಲ್ಲ.”

ದಣಪೆಯ ಮಾತು ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ವ್ಯಕ್ತಿಸ್ವಾತಂತ್ರ್ಯದ ಪರವಾಗಿ ಒಬ್ಬರೇ ಭಿನ್ನ ತೀರ್ಪು ಬರೆದ ಎಚ್. ಆರ್. ಖನ್ನಾ ಅವರನ್ನು 1977ರ ಜನವರಿಯಲ್ಲಿ ಹಾಗೆಯೇ ದಾಟಿಸಲಾಯಿತು. ಅದೇ ವರ್ಷ ಕೆ. ಎಸ್. ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರರಾದರು. ಜನರು ಆರಿಸಿದ ಸರಕಾರ ದಾಟಿಸಿದವರನ್ನು ಜನರೇ ಆರಿಸಿ ಕಳಿಸಿದರು!

ಅಮೇರಿಕೆಯ ಕಥೆಯನ್ನೂ ನಾನು ಅರ್ಧ ಮಾತ್ರ ಹೇಳಿದ್ದೆನೆಂಬುದು ಆಮೇಲೆ ತಿಳಿಯಿತು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ತನ್ನ ಕಾನೂನುಗಳನ್ನು ಕೋರ್ಟು ಹೊಡೆದುಹಾಕಿತೆಂದು, ಆರು ಮಂದಿಯ ತನಕ ಹೆಚ್ಚು ನ್ಯಾಯಾಧೀಶರನ್ನು ಸೇರಿಸಲು ಹೊರಟ. ಸೆನೆಟ್ಟಿನಲ್ಲಿ ಅವನ ಪಕ್ಷಕ್ಕೇ ಭಾರಿ ಬಹುಮತವಿತ್ತು. ಆದರೂ ಅಲ್ಲಿಯೇ ಆ ಯೋಜನೆ ಬಿದ್ದುಹೋಯಿತು. ತನ್ನವರೇ ತಡೆದರು. ಅದೀಗ ಹಳೆಯ ಮಾತು. 2013ರಲ್ಲಿ ಡೆಮಾಕ್ರಾಟರು ಕೆಳಗಿನ ಕೋರ್ಟುಗಳ ನೇಮಕಕ್ಕೆ ಅಲ್ಪಮತದವರು ತಡೆಹಾಕುವ ಹಳೆಯ ವಾಡಿಕೆಯನ್ನು ಮುರಿದರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿನ ನೇಮಕಕ್ಕೂ ಅದನ್ನು ಮುರಿದರು. ಚುನಾವಣೆಯ ವರ್ಷವೆಂದು ಹೇಳಿ 2016ರಲ್ಲಿ ಒಬಾಮ ಸೂಚಿಸಿದ ಗಾರ್ಲೆಂಡ್ ಅವರ ವಿಚಾರಣೆಯನ್ನೇ ನಡೆಸದವರು, 2020ರಲ್ಲಿ ಚುನಾವಣೆಗೆ ಎಂಟು ದಿನವಿರುವಾಗ ಬ್ಯಾರೆಟ್ ಅವರ ನೇಮಕವನ್ನು ಮುಗಿಸಿದರು. ಹಳೆಯದನ್ನು ಕಾಯುವವರೆಂದು ಹೇಳಿಕೊಳ್ಳುವವರಿಗೆ ಗೆಲುವು ಸಿಕ್ಕಿತು; ಕಾಯಬೇಕಾಗಿದ್ದ ವಾಡಿಕೆ ಹೋಯಿತು. ನಮ್ಮ ಅಜ್ಜನಂಥ ಸಂಪ್ರದಾಯವಾದಿ ಅಲ್ಲಿದ್ದಿದ್ದರೆ ಎರಡು ಪಕ್ಷದವರನ್ನೂ ಗದರಿಸುತ್ತಿದ್ದ.

ಹಾಗಾದರೆ ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸಿಕೊಳ್ಳಲಿ ಎಂದರೆ ಮುಗಿಯಿತೆ? ನಮ್ಮಲ್ಲಿ 1993ರ ತೀರ್ಪಿನಿಂದ ಹೆಚ್ಚುಕಡಿಮೆ ಹಾಗೆಯೇ ನಡೆದಿದೆ. ಇದನ್ನು ಬದಲಿಸಲು ಪಾರ್ಲಿಮೆಂಟು ತಂದ ಆಯೋಗವನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿತು. ಇದರ ಬಗ್ಗೆ ಕೇಳಿದರೆ ಅಜ್ಜ, “ಬಾಗಿಲು ಹಾಕಿಕೊಂಡು ಪಾಲು ಮಾಡಿದರೆ, ಸರಿಯಾದ ಪಾಲಿನ ಮೇಲೂ ಸಂಶಯ ಬರುತ್ತದೆ” ಎಂದನೇ ಹೊರತು ಬೇರೆ ದಾರಿ ಹೇಳಲಿಲ್ಲ.

ಒಂದು ದಾರಿ ನಮ್ಮ ಸಿದ್ದಾಪುರದವರೇ ತೋರಿಸಿದ್ದಾರೆಂದು ನನಗೆ ತೋರುತ್ತದೆ. ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ ಬಂದ 1984ರ ಲೋಕಾಯುಕ್ತ ಕಾನೂನಿನಲ್ಲಿ, ಮುಖ್ಯಮಂತ್ರಿ ಸಲಹೆ ಕೊಡುವ ಮೊದಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಉಭಯ ಸದನಗಳ ಅಧ್ಯಕ್ಷರು, ಉಭಯ ಸದನಗಳ ವಿರೋಧಪಕ್ಷದ ನಾಯಕರು, ಇವರೆಲ್ಲರೊಡನೆ ಸಮಾಲೋಚಿಸಬೇಕು ಎಂದಿದೆ. ತನ್ನನ್ನು ತೂಗುವವನನ್ನು ಆರಿಸುವಾಗ ಎದುರಾಳಿಯನ್ನೂ ಕೇಳಬೇಕು! ಹೆಗಡೆಯವರು ದೇವರಲ್ಲ, 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಆಳುವವರು ದೇವರಲ್ಲ ಎಂಬುದಕ್ಕಾಗಿಯೇ ಇಂಥ ಕಟ್ಟುಪಾಡು ಬೇಕು.

ಆ ರಾತ್ರಿ ಮಲಗುವ ಮೊದಲು ಅಜ್ಜ ಒಂದೇ ಪ್ರಶ್ನೆ ಕೇಳಿದ: “ನಿಮ್ಮ ತೀರ್ಪುಗಾರರನ್ನು ಆರಿಸಿದವರು ಯಾರು?” ನಾನು ಉತ್ತರ ಕೊಡಲಿಲ್ಲ. ಅವನು ಮತ್ತೆ ಕೇಳಲಿಲ್ಲ.

ಒಂದು ವಾರ ಕಳೆದು ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋಗಿ ಯಲ್ಲಾಪುರದ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಅವನು ನಕ್ಕು, “ನನಗೆ ಅಂದೇ ಗೊತ್ತಿತ್ತು ಮಾರಾಯ. ನೀನು ಹೇಳುತ್ತೀಯೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ” ಎಂದ. ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. “ಅದನ್ನು ನಾನು ಇಟ್ಟುಕೊಂಡರೆ ನನ್ನ ತೀರ್ಪುಗಾರ ನೀನೇ ಆದ ಹಾಗಾಯಿತು” ಎಂದ. ಇಬ್ಬರೂ ಕೂಡಿ ಪ್ರಾಂಶುಪಾಲರನ್ನು ಕಂಡೆವು. ಈ ವರ್ಷದಿಂದ ಪರ ಮತ್ತು ವಿರೋಧ ಎರಡು ಪಕ್ಷದ ಮುಖಂಡರೂ ಸಹಿ ಹಾಕದೆ ತೀರ್ಪುಗಾರರ ಹೆಸರು ನಿಶ್ಚಯವಾಗುವುದಿಲ್ಲ. ಈ ಸಲ ನಾನು ವಿರೋಧಪಕ್ಷದಲ್ಲಿ ಮಾತನಾಡಿದೆ; ಯಾವ ಬಹುಮಾನವೂ ಬರಲಿಲ್ಲ.

ಬಟ್ಟಲು ಮಾತ್ರ ಗೂಡಿನಲ್ಲಿಯೇ ಇದೆ. ತೆಗೆದಿಡಲು ಹೋದರೆ ಅಜ್ಜ ಬೇಡವೆನ್ನುತ್ತಾನೆ.