ಹಿಗ್ಗುವ ಹೊಲಿಗೆ

ನೀವು ತೊಡುವ ಬನಿಯನ್ನಿನ ಬಟ್ಟೆಯನ್ನು ಎಂದಾದರೂ ಹತ್ತಿರದಿಂದ ಗಮನಿಸಿದ್ದೀರಾ? ಅದರಲ್ಲಿ ಹಾಸುಹೊಕ್ಕುಗಳಿಲ್ಲ, ದಾರವು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡಿರುತ್ತದೆ. ಆದುದರಿಂದಲೇ ಎಳೆದರೆ ಹಿಗ್ಗುತ್ತದೆ. ಸಾಮಾನ್ಯ ನೇರ ಹೊಲಿಗೆ ಈ ಹಿಗ್ಗನ್ನು ತಾಳದೆ ಕಿತ್ತುಹೋಗುತ್ತದೆ. ಓವರ್‌ಲಾಕ್ ಯಂತ್ರವಾದರೋ ಮೂರು ನಾಲ್ಕು ದಾರಗಳಿಂದ ಅಂಚನ್ನು ಸುತ್ತುತ್ತಾ, ಹೆಚ್ಚಿನ ಬಟ್ಟೆಯನ್ನು ಅಲಗಿನಿಂದ ಕತ್ತರಿಸುತ್ತಾ, ಬಟ್ಟೆಯೊಡನೆ ತಾನೂ ಹಿಗ್ಗುವ ಹೊಲಿಗೆಯನ್ನು ಹಾಕುತ್ತದೆ.

ಪಾರ್ಶ್ವವಾಯುವಿನ ಬಳಿಕ ನಮ್ಮ ತಾಯಿಯವರ ಎಡತೋಳು ಮೇಲೇಳದಾಯಿತು. 2019ರ ಚಳಿಗಾಲದಲ್ಲಿ ಅಂಗಡಿಯ ಸ್ವೆಟ್‌ಶರ್ಟನ್ನು ತೊಡಿಸುವಾಗ ಪ್ರತಿ ಮುಂಜಾನೆಯೂ ಅವರ ಕಣ್ಣಲ್ಲಿ ನೀರು. ನೋವಿಗಿಂತಲೂ, ಮಕ್ಕಳ ಕೈಗೆ ಮೈಯೊಪ್ಪಿಸಬೇಕಾದ ಸಂಕೋಚವೇ ಅವರನ್ನು ಹೆಚ್ಚು ಬಾಧಿಸುತ್ತಿತ್ತು.

ನನ್ನ ತಂಗಿ ಒಳಮೈ ಮೃದುವಾದ ಹತ್ತಿಯ ಹೆಣಿಗೆ ಬಟ್ಟೆಯನ್ನು ತಂದು, ಕುಗ್ಗುವುದಿದ್ದರೆ ಮೊದಲೇ ಕುಗ್ಗಲೆಂದು ಒಗೆದು ಒಣಗಿಸಿ, ಕೊರಳನ್ನೂ ಕಂಕುಳನ್ನೂ ಅಗಲವಾಗಿ ಕತ್ತರಿಸಿದಳು. ಮೊದಲು ಹೆಗಲು, ಅನಂತರ ತೋಳು, ಬಳಿಕ ತೋಳಿನ ತುದಿಯಿಂದ ಸೊಂಟದವರೆಗೆ ಒಂದೇ ಹೊಲಿಗೆ. 24 ಇಂಚು ಸುತ್ತಳತೆಯ ಕೊರಳಿಗೆ 20 ಇಂಚಿನ ಪಟ್ಟಿ. ಪಟ್ಟಿಯನ್ನು ಮಾತ್ರ ಹಿಗ್ಗಿಸಿ ಜೋಡಿಸಿದಳು. ಬಟ್ಟೆಯನ್ನೇ ಎಳೆದರೆ ಅಂಚು ಅಲೆಯಲೆಯಾಗುತ್ತದೆ. ಗುಂಡುಸೂಜಿಗಳನ್ನು ಅಲಗು ತಲುಪುವ ಮುನ್ನವೇ ತೆಗೆದಳು. ಅಲಗು ಕತ್ತರಿಸಿದ್ದು ಮರಳಿ ಕೂಡದು.

ತಾಯಿಯವರು ಮೊದಲು ಎಡತೋಳನ್ನು ತೂರಿಸಿ, ಬಲಗೈಯಿಂದ ಅದನ್ನು ತಾವೇ ತೊಟ್ಟುಕೊಂಡರು. ಯಾರನ್ನೂ ಕರೆಯಲಿಲ್ಲ.

ನಿಮ್ಮ ಮನೆಯ ಹಿರಿಯರು ಮುಂಜಾನೆ ಉಡುಪು ತೊಡುವುದನ್ನು ಒಮ್ಮೆ ಗಮನಿಸಿರಿ. ಕೊರಳು ಎಲ್ಲಿ ಬಿಗಿಯುತ್ತದೆ, ತೋಳು ಎಲ್ಲಿ ತಡೆಯುತ್ತದೆ ಎಂದು ಅವರನ್ನೇ ಕೇಳಿರಿ. ಅನಂತರ ಅಳತೆ ತೆಗೆಯಿರಿ.